ಗೊತ್ತಿಲ್ಲ ಎನ್ನುವ ಗುಂಡಿ

ಕುಷ್ಟಗಿ
ಕ್ರಿ.ಶ. 2214, ಹದಿಮೂರನೆಯ ತಿಂಗಳು, ಗುರುವಾರ

ಸುಪ್ರೀತಜ್ಜಿಗೆ ನೀಲಗಂಗಾಳ ನಮಸ್ಕಾರ.

ತಾರೀಖು ನೋಡಿ ನಗಬೇಡ. ಪರೀಕ್ಷೆಗಳಿಗೆಂದೇ ನಾವು ವರ್ಷಕ್ಕೆ ಒಂದು ತಿಂಗಳು ಹೆಚ್ಚಿಗೆ ಸೇರಿಸಿಕೊಂಡಿದ್ದೇವೆ. ಆ ತಿಂಗಳಲ್ಲಿ ಮದುವೆಯಿಲ್ಲ, ಮೈಕಿಲ್ಲ, ನೆಂಟರು ಬರುವಂತಿಲ್ಲ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸು. ಈ ಕಾಗದ ಹಿಂದಿನ ಕಾಲಕ್ಕೆ ಹೋಗಿ ನಿನ್ನ ಕೈ ಸೇರುವಾಗ ನೀನು ಹದಿನೇಳರ ಹುಡುಗಿ, ನನಗಿಂತ ಚಿಕ್ಕವಳು. ಆದರೂ ಏಳು ತಲೆಮಾರು ಹಿಂದಿನವಳನ್ನು ಅಜ್ಜಿ ಎನ್ನದೆ ಏನೆನ್ನಲಿ?

ನೀನು ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಓದುತ್ತಿರುವ ದಿನಗಳಿವು. ಕೇಳಲು ನೂರೆಂಟು ಪ್ರಶ್ನೆಗಳಿವೆ. ಬೆಳಗಿನಿಂದ ಸಂಜೆಯವರೆಗೆ ಕಂಪ್ಯೂಟರ್ ಮುಂದೆ ಕೂತರೆ ಬೆನ್ನು ಏನನ್ನುತ್ತದೆ? ಒಳಗೆ ಬಿಡುವಾಗ ಕಿವಿಯೋಲೆ ಬಿಚ್ಚಿಸುತ್ತಾರಂತೆ, ಓಲೆ ಉತ್ತರ ಹೇಳಿಕೊಡುತ್ತದೆಂಬ ಭಯವೇ? ನಡುವಿನ ಬಿಡುವಿನಲ್ಲಿ ಮೊಸರನ್ನ ತಿಂದರೆ ನಿದ್ದೆ ಬರುವುದಿಲ್ಲವೇ? ಅಣಕು ಪರೀಕ್ಷೆ ಬರೆದೂ ಬರೆದೂ, ಕಣ್ಣು ಮುಚ್ಚಿದರೂ ಪರದೆಯ ಮೂಲೆಯ ಗಡಿಯಾರ ಕಾಣುತ್ತದೆಯೇ? ನನಗಂತೂ ಕಾಣುತ್ತದೆ.

ಹೌದು, ನಮ್ಮ ಕಾಲದ ವೈದ್ಯಕೀಯ ಪರೀಕ್ಷೆಯೂ ಕಂಪ್ಯೂಟರಿನಲ್ಲೇ, ಎರಡು ದಿನ. ನಮ್ಮಲ್ಲಿ ರೋಗ ಯಾವುದೆಂದು ಹೇಳುವುದು ‘ನಾಡಿಗಣ್ಣು’ ಎಂಬ ಯಂತ್ರ. ಅದು ಎಂದೂ ತಡವರಿಸುವುದಿಲ್ಲ. ಆಗೊಮ್ಮೆ ಈಗೊಮ್ಮೆ ಬಲು ಧೈರ್ಯವಾಗಿ ತಪ್ಪು ಹೇಳುತ್ತದೆ. ಆಗ ‘ಇದು ಖಚಿತವಿಲ್ಲ’ ಎಂದು ಅದನ್ನು ತಡೆಯುವುದೇ ವೈದ್ಯರ ಕೆಲಸ. ಆದ್ದರಿಂದ ಪ್ರತಿ ಪ್ರಶ್ನೆಯಲ್ಲೂ ನಾಲ್ಕು ಉತ್ತರಗಳ ಕೆಳಗೆ ‘ಗೊತ್ತಿಲ್ಲ’ ಎಂಬ ಬೂದು ಗುಂಡಿಯಿದೆ. ಕೆಲವಕ್ಕೆ ಅದೇ ಸರಿಯುತ್ತರ. ಅದನ್ನು ಒಮ್ಮೆಯೂ ಒತ್ತಲಾಗದೆ ನಾನು ಎರಡು ಸಲ ಫೇಲಾದೆ. ಮೂರನೆಯದೇ ಕೊನೆಯ ಅವಕಾಶ, ಅದು ನಾಳೆ ಶುರು.

ಕಾರಣ ನೀನೇ, ಅಜ್ಜಿ. ತಪ್ಪಿಗೆ ಅಂಕ ಕಳೆಯುವ ಹಳೆಯ ಪದ್ಧತಿ ನಿನ್ನ ಪರೀಕ್ಷೆಯ ಹೊತ್ತಿಗೆ ನಿಂತುಹೋಗಿತ್ತಂತೆ. ‘ಯಾವ್ದೂ ಖಾಲಿ ಬಿಡಬ್ಯಾಡ, ಏನರ ಒಂದು ಒತ್ತು’ ಎಂದು ಮುಂದೆ ನೀನು ಮಕ್ಕಳಿಗೆ ಹೇಳಿಕೊಡಲಿದ್ದೀಯ, ಅದು ಮನೆತನದ ಮಂತ್ರವಾಗಿ ನಮ್ಮವರೆಗೂ ಇಳಿದು ಬಂದಿದೆ. ಯಾರಾದರೂ ದಾರಿ ಕೇಳಿದರೆ ಅಪ್ಪ ಕಂಡರಿಯದ ಊರಿಗೂ ಎಡಕ್ಕೆ ಬಲಕ್ಕೆ ಎಂದು ಕೈ ತೋರಿಸಿ ಕಳಿಸುತ್ತಾನೆ. ಹೋದವರು ತಿರುಗಿ ಬಂದು ಬೈದು ಹೋಗುತ್ತಾರೆ. ನಮಗೇಕೆ ಹೀಗೆ ಎಂದು ಅವ್ವನನ್ನು ಕೇಳಿದರೆ, ‘ಗೊತ್ತಿಲ್ಲ ಅಂದ್ರ ಮಂದಿ ಏನಂದಾರು?’ ಎಂದಳು. ಸಿಟ್ಟೂ ಬಂತು, ನಗುವೂ ಬಂತು.

ನಮ್ಮ ತಯಾರಿಯಲ್ಲಿ ಓದಿನ ಜೊತೆಗೆ ವಾರಕ್ಕೊಮ್ಮೆ ಯಾರಾದರೊಬ್ಬ ರೋಗಿಯ ಬಳಿ ಕೂರಬೇಕು. ನಿನ್ನೆ ನನಗೆ ಸಿಕ್ಕವಳು ಬಾಳವ್ವ ಎಂಬ ಮುದುಕಿ. ನಾಡಿಗಣ್ಣು ‘ಗುಣವಾಗುತ್ತದೆ’ ಎಂದು ಹೇಳುತ್ತಲೇ ಇತ್ತು. ಆಕೆ ಅದಕ್ಕೆ ಬೆನ್ನು ಹಾಕಿ, ‘ನೀ ಹೇಳವಾ, ನಾ ಉಳೀತೀನೇನು?’ ಎಂದಳು. ‘ಹೂಂ’ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

‘ನನಗ ಗೊತ್ತಿಲ್ಲ, ಆಯಿ’ ಎಂದೆ.

ಅತ್ತುಬಿಡುತ್ತಾಳೆಂದುಕೊಂಡೆ. ಆಕೆ ಹಾಸಿಗೆಯ ಅಂಚಿಗೆ ಸರಿದು ಜಾಗ ಮಾಡಿಕೊಟ್ಟು, ‘ಹಂಗಾರ ಇಲ್ಲೇ ಕುಂದ್ರು’ ಎಂದಳು. ಕೂತೆ. ಬಹಳ ಹೊತ್ತು ಕೂತೆ.

ಬಾಯಿಗೆ ಬಂದ ‘ಗೊತ್ತಿಲ್ಲ’ ನಾಳೆ ಬೆರಳಿಗೂ ಬಂದೀತೇ ಎಂಬ ಕುತೂಹಲ ಈಗ ಭಯಕ್ಕಿಂತ ದೊಡ್ಡದಾಗಿದೆ. ನಿನ್ನಲ್ಲಿ ನನ್ನದೊಂದು ಕೋರಿಕೆ. ಮುಂದೆ ನಿನಗೆ ಮಕ್ಕಳಾದಾಗ, ಅವರು ಏನಾದರೂ ಕೇಳಿ ನಿನಗೆ ಉತ್ತರ ತಿಳಿಯದಿದ್ದರೆ, ಗೊತ್ತಿಲ್ಲ ಎಂದೇ ಹೇಳು. ನಾಚಿಕೊಳ್ಳದೆ, ಅವರಿಗೆ ಸರಿಯಾಗಿ ಕೇಳಿಸುವಂತೆ ಹೇಳು. ನಿನ್ನ ಪರೀಕ್ಷೆಯಲ್ಲಿ ಮಾತ್ರ ಒಂದನ್ನೂ ಬಿಡಬೇಡ, ಅಜ್ಜಿ. ನೀನು ಫೇಲಾಗಿಬಿಟ್ಟರೆ ಮನೆಯಲ್ಲಿ ನಿನ್ನ ಮಾತನ್ನು ಯಾರು ಕೇಳುತ್ತಾರೆ?

ಇಂತಿ ನಿನ್ನ,
ನೀಲಗಂಗಾ