ಬೇಕರಿಯವರ ಸೊಂಟದ ಅಳತೆ

ಮನೆಯಿಂದ,
ಭಾನುವಾರ, ಬೆಳಗಿನ ಕಾಫಿ ಆದಮೇಲೆ

ಪ್ರೀತಿಯ ಮಗಳೇ,

ಸಮಸ್ತ ಲೋಕಕ್ಕೆ ತಿಳಿಯಪಡಿಸುವುದೇನೆಂದರೆ, ನಿನ್ನೆ ಮಧ್ಯಾಹ್ನ ನಿಮ್ಮಪ್ಪ ಬೇಕರಿಯವರ ಸೊಂಟದ ಅಳತೆ ತೆಗೆದರು. ಡಂಗುರ ಹೊಡೆಸುವ ಅನುಕೂಲ ಇಲ್ಲದ್ದರಿಂದ ನಿನಗೊಬ್ಬಳಿಗೇ ಬರೆಯುತ್ತಿದ್ದೇನೆ. ಅದಿರಲಿ, ನಿನ್ನ ಕೆಮ್ಮು ಹೇಗಿದೆ? ಬಿಸಿನೀರು ಕುಡಿ ಎಂದರೆ ಫೋನಿನಲ್ಲಿ ಹೂಂ ಎನ್ನುತ್ತೀಯ. ಆ ಹೂಂ ನನಗೆ ಗೊತ್ತಿಲ್ಲವೇ? ಅದು ನಿಮ್ಮಪ್ಪನ ಕಡೆಯ ಹೂಂ.

ದರ್ಜಿ ಅಳತೆ ತೆಗೆಯುವುದೂ ಒಂದು ಸುದ್ದಿಯೇ ಎನ್ನಬೇಡ. ನಿನ್ನ ತಮ್ಮ ತೀರಿಕೊಂಡ ಮೇಲೆ ಅಂಗಡಿಗೆ ಬೀಗ ಬಿದ್ದದ್ದು, ಆಮೇಲೆ ಹೇಗೋ ತೆರೆದದ್ದು ನಿನಗೆ ಗೊತ್ತು. ಗೊತ್ತಿಲ್ಲದ್ದು ಇದು: ನಿಮ್ಮಪ್ಪ ಟೇಪು ಮುಟ್ಟುತ್ತಲೇ ಇರಲಿಲ್ಲ. ಯಾರ ಬಟ್ಟೆಯೇ ಹಾಸಲಿ, ಕೈ ತಾನಾಗಿ ನಿನ್ನ ತಮ್ಮನ ಅಳತೆಗೇ ಕತ್ತರಿಸುತ್ತಿತ್ತು. ಬಡಕಲು ಅಂಚೆಯಣ್ಣನಿಗೂ ಅದೇ ಅಂಗಿ. ಜೋರು ಗಾಳಿ ಬಂದರೆ ಕಾಗದಕ್ಕಿಂತ ಮೊದಲು ಅವನೇ ತಲುಪುತ್ತಿದ್ದ. ಬೇಕರಿಯವರಂತೂ ಅದರೊಳಗೆ ಅಚ್ಚಿನಿಂದ ಉಕ್ಕಿದ ಬನ್ನು. ಆದರೂ ಒಬ್ಬರೂ ತುಟಿಪಿಟಕ್ಕೆನ್ನಲಿಲ್ಲ. ನಾನೂ ಅನ್ನಲಿಲ್ಲ. ಆ ಅಂಗಿಗಳು ರಸ್ತೆಯಲ್ಲಿ ಹೋಗುವಾಗ ಕಿಟಕಿಯ ಹತ್ತಿರ ನಿಂತು ನೋಡುತ್ತಿದ್ದೆ. ಈ ಮನುಷ್ಯ ಇನ್ನು ಯಾವತ್ತಾದರೂ ಎದುರಿಗಿರುವವರ ಕಡೆ ಕಣ್ಣೆತ್ತಿ ನೋಡುತ್ತಾರೋ ಇಲ್ಲವೋ, ಅದೊಂದೇ ನನ್ನ ಚಿಂತೆಯಾಗಿತ್ತು.

ನಿನ್ನೆ ಅಂಗಡಿಗೆ ಬಂದ ಬೇಕರಿಯವರು ಬಿದ್ದ ಟೋಪಿ ಹೆಕ್ಕಲು ಬಗ್ಗಿದರು. ಗುಂಡಿಯೊಂದು ಹಾರಿ ನೆಟ್ಟಗೆ ನಿಮ್ಮಪ್ಪನ ಕನ್ನಡಕಕ್ಕೆ! “ಯಾವ ಕತ್ತೆಯಪ್ಪಾ ಇದನ್ನು ಹೊಲಿದದ್ದು?” ಎಂದು ನಿಮ್ಮಪ್ಪ ಗುಡುಗಿದರು. ಬೇಕರಿಯವರು ನೆಲ ನೋಡುತ್ತಾ, “ನೀವೇ ಅಣ್ಣಾ,” ಎಂದರು. ಮೊದಲೇ ಹೇಳಬಾರದಿತ್ತೇ ಎಂದು ಇವರು ಕೇಳಿದರೆ, “ನಿಮ್ಮ ಕೈಗೆ ಆ ಅಳತೆಯೇ ಬೇಕಿತ್ತು. ನಮಗೇನು, ಮೇಲೊಂದು ಕೋಟು ಹಾಕಿಕೊಂಡೆವು,” ಎಂದರು.

ನಿಮ್ಮಪ್ಪ ಸ್ಟೂಲಿನ ಮೇಲೆ ಕುಸಿದು ಕೂತರು. ಮಗನನ್ನು ಮಣ್ಣು ಮಾಡಿದ ದಿನವೂ ಅಳದವರು ಗೊಳೋ ಎಂದು ಅತ್ತರು. ಬೇಕರಿಯವರೂ ಅತ್ತರು; ಆ ರಭಸಕ್ಕೆ ಉಳಿದ ಗುಂಡಿಗಳೂ ಹೋದವು. ಆಮೇಲೆ ನಿಮ್ಮಪ್ಪ ಮುಖ ತೊಳೆದು, ಕೆಲಸಕ್ಕೆ ಮುಂಚೆ ಹಿಂದೆಲ್ಲ ನಿಲ್ಲುತ್ತಿದ್ದರಲ್ಲ, ಹಾಗೆ ಒಂದು ಗಳಿಗೆ ಕಣ್ಣು ಮುಚ್ಚಿ ನಿಂತರು. ಟೇಪು ತೆಗೆದು ಅವರ ಸೊಂಟಕ್ಕೆ ಸುತ್ತಿದರು. “ಹೊಟ್ಟೆ ಒಳಗೆಳೆದುಕೊಂಡು ನನಗೇ ಟೋಪಿ ಹಾಕಬೇಡಿ, ಉಸಿರು ಬಿಡಿ,” ಎಂದು ಬೈದರು. ಮಗಳೇ, ಆ ಬೈಗುಳ ಕೇಳಿ ನನಗೆ ಹೊಟ್ಟೆಯೊಳಗೆ ಹಾಲು ಹೊಯ್ದಂತಾಯಿತು.

ಕಣ್ಣು ಮುಚ್ಚಿ ಏನು ಕೇಳಿಕೊಂಡಿರಿ ಎಂದು ಊಟಕ್ಕೆ ಕೂತಾಗ ಕೆದಕಿದೆ. “ಕೇಳುವುದೇನಿದೆ? ಅಂಥ ಮಗನನ್ನು ದೇವರು ಇಷ್ಟು ವರ್ಷ ನಮ್ಮ ಮನೆಯಲ್ಲಿ ಇಟ್ಟಿದ್ದನಲ್ಲ, ಅದಕ್ಕೊಂದು ಮಾತು ಹೇಳಿದೆ,” ಎಂದರು. ನಾನೂ ದೇವರ ಜೊತೆ ಮಾತು ಬಿಟ್ಟಿದ್ದವಳು. ಇವತ್ತು ಬೆಳಗ್ಗೆ ಪಾತ್ರೆ ತೊಳೆಯುತ್ತಾ ಮತ್ತೆ ಶುರು ಮಾಡಿದ್ದೇನೆ. ಸದ್ಯಕ್ಕೆ ಬರೀ ಜಗಳ. ದೇವರಲ್ಲವೇ, ಕೇಳಿಸಿಕೊಳ್ಳಲಿ.

ಹೊಟ್ಟೆತುಂಬ ಉಣ್ಣು, ಹೊತ್ತಿಗೆ ಸರಿಯಾಗಿ ಮಲಗು, ತಣ್ಣಗಿರು.

ನಿನ್ನ
ಅಮ್ಮ

ತಾ.ಕ.: ಅಳತೆ ಶುರುವಾದದ್ದೇ ತಡ, ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣ ಬೇಕು ಎನ್ನುತ್ತಿದ್ದಾರೆ. ಇಲ್ಲಿ ಸಿಗುತ್ತಿಲ್ಲ. ತಮ್ಮನಿಲ್ಲದ ಮನೆಗೆ ಹೇಗೆ ಕಾಲಿಡಲಿ ಎಂದು ನೀನು ಬರಲಿಲ್ಲ, ನಾನೂ ಕರೆಯಲಿಲ್ಲ. ಈಗಲೂ ಕರೆಯುತ್ತಿಲ್ಲ. ಆದರೆ ಸೀಮೆಸುಣ್ಣ ಅಂಚೆಯಲ್ಲಿ ಹಾಕಿದರೆ ಪುಡಿಯಾಗುತ್ತದೆ. ಒಂದು ಡಬ್ಬಿ ಕೊಂಡು ನೀನೇ ಕೈಯಲ್ಲಿ ಹಿಡಿದುಕೊಂಡು ಬಾ.