ಅಳಿಸಿದ ಅಕ್ಷರಗಳ ಸದ್ದು

ಪ್ರೀತಿಯ ಅಕ್ಕ,

ಇದನ್ನು ಕೈಯಲ್ಲೇ ಬರೆಯುತ್ತಿದ್ದೇನೆ. ಕೀಬೋರ್ಡು ಮುಟ್ಟಲು ಯಾಕೋ ಮನಸ್ಸು ಬರಲಿಲ್ಲ. ಅಕ್ಷರ ಕಾಗೆಕಾಲು ಗುಬ್ಬಿಕಾಲು ಆಗಿದ್ದರೆ ಬೈದುಕೊಂಡೇ ಓದು.

ಆ ಮಧ್ಯಾಹ್ನ ಮೈಕ್ ಹೊತ್ತು ನಿನ್ನ ಮನೆಗೆ ಬಂದದ್ದು ಬೇರೆ ಗತಿಯಿಲ್ಲದೆ. ನಮ್ಮ ರೇಡಿಯೋ ನಾಟಕದಲ್ಲಿ ಒಬ್ಬ ಹೆಂಗಸು ಮನೆ ಬಿಡುವ ಮೊದಲು ಕಂಪ್ಯೂಟರಿನಲ್ಲಿ ಪತ್ರ ಬರೆಯಬೇಕಿತ್ತು. ಸ್ಟುಡಿಯೋದಲ್ಲಿ ನಾನೇ ಕೂತು ಕೈಗೆ ಬಂದದ್ದನ್ನು ಕುಟ್ಟಿದ್ದೆ. ನಿರ್ದೇಶಕರು ಕೇಳಿ, "ಇವಳು ಪತ್ರ ಬರೀತಿಲ್ಲಮ್ಮ, ಬೀನ್ಸ್ ಹೆಚ್ತಿದಾಳೆ" ಎಂದರು. ಆಗ ನೆನಪಾದವಳು ನೀನು. ಇಪ್ಪತ್ತು ವರ್ಷ ಕಂಡವರ ಪುಸ್ತಕಗಳನ್ನೆಲ್ಲ ಟೈಪ್ ಮಾಡಿದ ಬೆರಳು ನಿನ್ನದು.

ನೀನು ಗುಂಯ್‌ಗುಡುತ್ತಿದ್ದ ಫ್ರಿಜ್ ಆರಿಸಿ, ಅಡುಗೆಮನೆಯ ಮೇಜಿಗೆ ಟವೆಲ್ ಹಾಸಿ, ಕಂಪ್ಯೂಟರ್ ಇಟ್ಟುಕೊಂಡು ಕೂತೆ. "ಏನೇ ಬರೀಲಿ?" ಎಂದು ಕೇಳಿದೆ. "ಏನಾದ್ರೂ ಬರಿ, ನಾನು ನೋಡಲ್ಲ" ಎಂದು ಹೆಡ್‌ಫೋನ್ ಹಾಕಿಕೊಂಡು ನಾನು ಗೋಡೆಯತ್ತ ತಿರುಗಿದೆ. ಕೀಲಿಗಳ ಸದ್ದು ಮೊದಲು ತಡೆತಡೆದು ಬಂತು, ಆಮೇಲೆ ತಗಡಿನ ಮೇಲೆ ಪಾರಿವಾಳಗಳು ನಡೆದಾಡಿದ ಹಾಗೆ. ಮತ್ತೆ ಮೌನ, ಅದರೊಳಗೆ ನಿನ್ನ ಉಸಿರು. ಕೊನೆಗೆ ಒಂದೇ ಕೀಲಿಯ ಟಕ್ ಟಕ್, ಬರೆದದ್ದನ್ನೆಲ್ಲ ಅಳಿಸುವವರೆಗೆ.

ಆ ಹತ್ತು ನಿಮಿಷವನ್ನು ಒಂದು ವಾರ ಕೇಳಿದೆ. ಕತ್ತರಿಸಿ ಜೋಡಿಸಲು ಕೂತರೆ ಕಣ್ಣು ಎಳೆಯುತ್ತಿತ್ತು. ಅಮ್ಮ ಹೋದ ಮೇಲೆ ನನ್ನನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ನೀನು ಬೆನ್ನು ತಟ್ಟುತ್ತಿದ್ದೆಯಲ್ಲ, ಹಾಗೆ. ಸದ್ದು ನೀರಿನಂತೆ ಕೋಣೆ ತುಂಬಿ, ಕುರ್ಚಿಯೇ ತೇಲುತ್ತಿದೆ ಅನ್ನಿಸುತ್ತಿತ್ತು. ನಾಟಕ ಕೇಳಿದವರೆಲ್ಲ ಆ ಜಾಗವನ್ನೇ ಹೊಗಳಿದರು. ನಾನು ಉಬ್ಬಿಹೋದೆ.

ನೀನು ಮಾತ್ರ ಫೋನ್ ಮಾಡಿ ಎರಡೇ ಮಾತು ಹೇಳಿದೆ. "ನಾನು ಅಳಿಸಿದ್ದೆ ಕಣೇ. ನೀನು ಇಟ್ಕೊಂಡೆ." ಆಮೇಲೆ ನಾಲ್ಕು ತಿಂಗಳು ಮಾತಿಲ್ಲ.

ನನಗೆ ಸಿಟ್ಟೇ ಬಂದಿತ್ತು. ಬರೀ ಸದ್ದು ಕೇಳಿ ಯಾರಿಗೇನು ಗೊತ್ತಾಗುತ್ತದೆ ಎಂದು ಭಾವನ ಹತ್ತಿರ ಜಗಳವಾಡಿದೆ. ಮೊನ್ನೆ ಅವರು ಸ್ಟುಡಿಯೋ ಬಾಗಿಲಿಗೇ ಬಂದರು. ಒಳಗೆ ಕರೆದರೂ ಬರಲಿಲ್ಲ. "ಅವತ್ತು ಅವಳು ಬರೆದಿದ್ದು ನಿನಗೇ ಕಣಮ್ಮ" ಎಂದರು. "ನಿನ್ನ ಓದಿಗೋಸ್ಕರ ತಾನು ಕಾಲೇಜು ಬಿಟ್ಟಿದ್ದು, ಒಂದು ಸಲನಾದ್ರೂ ಅದರ ಬಗ್ಗೆ ನೀನು ಕೇಳ್ತೀಯ ಅಂತ ಕಾದಿದ್ದು, ಎಲ್ಲಾ ಬರೆದಿದ್ಲಂತೆ. ನೀನು ಪಕ್ಕದಲ್ಲೇ ಕೂತಿದ್ಯಲ್ಲ, ಧೈರ್ಯ ಸಾಲದೆ ಅಳಿಸಿಬಿಟ್ಳು."

ಮೂರಡಿ ದೂರದಲ್ಲಿ ಕೂತು ನಾನು ನಿನ್ನ ಉಸಿರು ಜೋರಾಯಿತೇ, ಮೆತ್ತಗಾಯಿತೇ ಎಂದಷ್ಟೇ ಗಮನಿಸುತ್ತಿದ್ದೆ, ಅಕ್ಕ. ನನಗೆ ಬರೆದ ಕಾಗದವನ್ನು ಊರಿಗೆಲ್ಲ ಕೇಳಿಸಿ ಶಹಬ್ಬಾಸ್ ಅನ್ನಿಸಿಕೊಂಡೆ.

ನಿನ್ನೆ ನಿರ್ದೇಶಕರ ಕೈಕಾಲು ಹಿಡಿದು, ಮರುಪ್ರಸಾರಕ್ಕೆ ಇಟ್ಟಿದ್ದ ನಾಟಕದಿಂದ ಆ ಸದ್ದು ತೆಗೆಸಿದೆ. ಈಗ ಅದು ಈ ಲಕೋಟೆಯೊಳಗಿನ ಮೆಮೊರಿ ಕಾರ್ಡಿನಲ್ಲಿ ಮಾತ್ರ ಇದೆ. ಇಟ್ಟುಕೊಳ್ಳುತ್ತೀಯೋ, ಒಲೆಗೆ ಹಾಕುತ್ತೀಯೋ, ಅದು ನಿನ್ನದು. ಬೆಳಗ್ಗೆ ಇನ್ನೊಮ್ಮೆ ಕೇಳುವ ಆಸೆಯಾಯಿತು. ಕೇಳಲಿಲ್ಲ.

ಭಾನುವಾರ ಬರುತ್ತೇನೆ. ಕಾಲೇಜಿನ ದಿನಗಳಿಂದಲೇ ಶುರು ಮಾಡು. ನೀನು ಏನು ಓದುತ್ತಿದ್ದೆ ಅನ್ನುವುದೂ ನನಗೆ ಗೊತ್ತಿಲ್ಲ.

ಮೊದಲು ಮನಸಾರೆ ಬೈ. ಆಮೇಲೆ ತಲೆ ಮೇಲೆ ಕೈಯಿಟ್ಟು ಹರಸು.

ನಿನ್ನ ಬೆನ್ನಿಗೆ ಬಿದ್ದ
ತಂಗಿ