ಪಂಚಮಿಗೆ ಬರಬೇಕಿದ್ದ ಗಾಡಿ

ವಿದ್ಯುತ್ ಕಾರು ಕಂಪನಿಯಲ್ಲಿ ತಯಾರಿಕೆ ಮತ್ತು ವಿತರಣೆಯ ಅಂದಾಜು ಹೇಳುವ ಮುಖ್ಯಾಧಿಕಾರಿಗಳೇ,

ಹೋದ ವರ್ಷ ಯುಗಾದಿಗೆ ಮುಂಚೆ ನಾನು ಹೆಸರು ಬರೆಸಿದ ನಿಮ್ಮ ಹೊಸ ಕಾರು ಈ ಸಂಕ್ರಮಣ ದಾಟಿದರೂ ಲಕ್ಷ್ಮೇಶ್ವರಕ್ಕೆ ಬಂದಿಲ್ಲ. ಹೊಸ ಮಾಲು ತಡವಾಗುತ್ತದೆ, ಅಷ್ಟು ತಿಳಿವಳಿಕೆ ನನಗಿದೆ. ಆದರೆ ನೀವು ಐದು ಸಲ ತಾರೀಖು ಹೇಳಿದಿರಿ. ಮೊದಲು ಆರು ವಾರ ಅಂದಿರಿ, ಆಮೇಲೆ ತ್ರೈಮಾಸಿಕದ ಕೊನೆಗೆ, ಆಮೇಲೆ ಹಬ್ಬದ ಹೊತ್ತಿಗೆ, ಆಮೇಲೆ ವರ್ಷಾಂತ್ಯಕ್ಕೆ. ಈಗ ಐದನೆಯ ಸಂದೇಶದಲ್ಲಿ ‘ಹಂತ ಹಂತವಾಗಿ’ ಎಂದಿದ್ದೀರಿ. ಇದು ಯಾವ ತಿಂಗಳಲ್ಲಿ ಬರುತ್ತದೆ ಎಂದು ಪಂಚಾಂಗ ತಿರುವಿ ನೋಡಿದೆ, ಸಿಗಲಿಲ್ಲ. ತಾರೀಖು ಹೇಳುವುದನ್ನು ನಿಲ್ಲಿಸಿ ಎಂದು ಕೇಳಲು ಪತ್ರಿಕೆಯ ಮೂಲಕ ಈ ಪತ್ರ ಬರೆಯುತ್ತಿದ್ದೇನೆ.

ಅಂದಾಜಿನ ವಿಷಯದಲ್ಲಿ ನಿಮಗೆ ಬುದ್ಧಿ ಹೇಳಲು ಇವನ್ಯಾರು ಎನ್ನಬಹುದು. ಗದಗಿನ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಮೂವತ್ತೆಂಟು ವರ್ಷ ನನ್ನ ಕೆಲಸವೇ ಅಂದಾಜು. ಮುಳಗುಂದ, ಶಿಗ್ಲಿ, ಡೋಣಿ ಎಲ್ಲಿ ಕರೆದರೂ ಹೋಗಿ ಹೊಲಕ್ಕಿಳಿದು, ನಾಲ್ಕು ಶೇಂಗಾ ಗಿಡ ಕಿತ್ತು, ಕಾಯಿ ಎಣಿಸಿ, ಈ ಹೊಲದಲ್ಲಿ ಇಷ್ಟು ಚೀಲ ಎಂದು ಹೇಳಿ ಬರುತ್ತಿದ್ದೆ. ಎಕರೆಗೆ ಒಂದು ಚೀಲ ಆಚೆ ಈಚೆ ಆದೀತು, ಎರಡಾದದ್ದು ಅಪರೂಪ. ಈ ಕೆಲಸಕ್ಕೆ ಎರಡೇ ನೇಮ. ಬಾಯಿಂದ ಬಂದ ಅಂಕಿಯನ್ನು ಹಿಂದಕ್ಕೆ ತೆಗೆದುಕೊಳ್ಳಬಾರದು. ರಸ್ತೆ ಬದಿಯ ಗಿಡ ಕಿತ್ತು ಅಂದಾಜು ಹಾಕಬಾರದು. ರಸ್ತೆ ಬದಿಗೆ ಗೊಬ್ಬರ ಜಾಸ್ತಿ ಬಿದ್ದಿರುತ್ತದೆ, ನೋಡುವವರಿಗೆಂದೇ ಬೆಳೆಸಿರುತ್ತಾರೆ. ನಡುಹೊಲಕ್ಕೆ ಹೋಗಿ ಕೀಳಬೇಕು. ಹೊಸದಾಗಿ ಕೆಲಸಕ್ಕೆ ಬಂದ ಎಷ್ಟೋ ಮಂದಿಗೆ ಇದನ್ನು ಬೈದು ಬೈದು ಕಲಿಸಿದ್ದೇನೆ.

ಇನ್ನು ಈ ವಯಸ್ಸಿನಲ್ಲಿ ನನಗೆ ಕಾರು ಯಾಕೆ ಬೇಕಾಯಿತು ಎಂಬುದು. ನನ್ನ ಹೆಂಡತಿ ಸುಮಿತ್ರವ್ವಗೆ ಎರಡೂ ಮೂತ್ರಪಿಂಡ ಕೆಟ್ಟಿವೆ. ವಾರಕ್ಕೆ ಮೂರು ಸಲ ಗದಗಿಗೆ ಕರೆದೊಯ್ದು ಡಯಾಲಿಸಿಸ್ ಮಾಡಿಸಬೇಕು. ಅದು ಮುಗಿದ ಮೇಲೆ ಅವಳಿಗೆ ಡೀಸೆಲ್ ವಾಸನೆ ಆಗಿಬರುವುದಿಲ್ಲ, ಮೂಗಿಗೆ ಬಡಿದರೆ ಸಾಕು, ಕರುಳು ಕಿತ್ತು ಬರುವ ಹಾಗೆ ವಾಂತಿ. ಬಾಡಿಗೆ ಕಾರು ಮಾಡಿ ನೋಡಿದೆ, ಅದೇ ಪಾಡು. ನಮ್ಮದೊಂದು ಹಳೆಯ ಜೀಪಿತ್ತು. ಅದರ ಹಿಂದಿನ ಸೀಟಿನಲ್ಲಿ ಮಲಗಿಸಿ, ಎರಡೂ ಕಡೆ ಗಾಳಿ ಬಿಟ್ಟು, ಹೇಗೋ ತರುತ್ತಿದ್ದೆ. ಹೀಗಿರುವಾಗ ಗದಗಿನ ಬಸ್ ನಿಲ್ದಾಣದ ಎದುರು ನಿಮ್ಮ ದೊಡ್ಡ ಬೋರ್ಡು ಬಂತು. ಹೊಗೆಯಿಲ್ಲ, ಸದ್ದಿಲ್ಲ, ವಾಸನೆಯಿಲ್ಲ ಎಂದು ಬರೆದಿತ್ತು. ಸುಮಿತ್ರವ್ವ ಅದನ್ನು ಎರಡು ಸಲ ಓದಿದಳು. ಮರುದಿನವೇ ಹೋಗಿ ಹೆಸರು ಬರೆಸಿದೆ. ರಸೀದಿಯಲ್ಲಿ ನನ್ನ ಸಂಖ್ಯೆ ಆರು ಸಾವಿರದ ಎಂಟುನೂರ ಹನ್ನೆರಡು.

ನಿಮ್ಮ ಆರು ವಾರವನ್ನು ನಾನು ನಂಬಲಿಲ್ಲ, ಮಾಲು ಮಾರುವವನ ಮಾತು ನಂಬಿ ಬೆಳೆದವನಲ್ಲ ನಾನು. ನನ್ನದೇ ಅಂದಾಜು ಹಾಕಿದೆ. ಯುಗಾದಿಗೆ ಹುಬ್ಬಳ್ಳಿಯ ಮಳಿಗೆಯಲ್ಲಿ ನಿಂತಿದ್ದ ಬಿಳಿ ಕಾರಿನ ಗಾಜಿಗೆ ಅಂಟಿಸಿದ ಚೀಟಿಯಲ್ಲಿ ಗಾಡಿಯ ನಂಬರು ಇನ್ನೂರಾ ಹನ್ನೆರಡು ಎಂದಿತ್ತು. ಮೂರು ವಾರ ಬಿಟ್ಟು ಗದಗಿನ ಡಾಕ್ಟರೊಬ್ಬರ ಮನೆಗೆ ನೀಲಿ ಕಾರು ಬಂತು. ಅದರ ಚೀಟಿಯಲ್ಲಿ ಸಾವಿರದ ನಾಲ್ಕುನೂರಾ ಮೂವತ್ತು. ಅಂದರೆ ವಾರಕ್ಕೆ ಹತ್ತಿರ ಹತ್ತಿರ ನಾನೂರು ಕಾರು. ಮಳೆಗಾಲ, ರಜೆ, ರಿಪೇರಿ ಎಂದು ಎರಡು ವಾರ ಸೇರಿಸಿಕೊಂಡರೂ ನನ್ನ ಸರದಿ ನಾಗರ ಪಂಚಮಿ ಸುಮಾರಿಗೆ ಬರುತ್ತಿತ್ತು. ಹಾಗೆಂದು ಬಾಯಿ ಬಿಟ್ಟು ಹೇಳಿದೆ, ಸುಮಿತ್ರವ್ವಗೂ ಹೇಳಿದೆ. ಡೋಣಿಯ ಲಕ್ಷ್ಮಪ್ಪ ಮಾಸ್ತರೂ ನಿಮ್ಮದೇ ಕಾರಿಗೆ ಕಾಯುತ್ತಿದ್ದರು, ಅವರಿಗೂ ಫೋನ್ ಮಾಡಿ ಹೇಳಿದೆ. ಶಿಗ್ಲಿಯ ಫಕ್ಕೀರಪ್ಪ ಜೀಪು ಕ್ರಯಕ್ಕೆ ಕೇಳಿಕೊಂಡು ಬಂದಾಗ, ಪಂಚಮಿಗೆ ಹೊಸ ಗಾಡಿ ಬರತೈತಿ, ಒಯ್ಯಪಾ ಅಂದುಬಿಟ್ಟೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ ಗೋಡೆಗೆ ಚಾರ್ಜಿಂಗ್ ಪೆಟ್ಟಿಗೆಯನ್ನೂ ಕೂಡಿಸಿದೆ.

ಪಂಚಮಿಯ ದಿನ ಸುಮಿತ್ರವ್ವ ಕಾರು ನಿಲ್ಲಬೇಕಾದ ಜಾಗ ಸಾರಿಸಿ ರಂಗೋಲಿ ಹಾಕಿದ್ದಳು. ಸಂಜೆಯ ತನಕ ಅದರ ಮೇಲೆ ಯಾರಿಗೂ ಕಾಲಿಡಗೊಡಲಿಲ್ಲ. ಮರುದಿನ ನಾನು ಹುಬ್ಬಳ್ಳಿಗೆ ಹೋದೆ. ಅಲ್ಲಿ ನಿಮ್ಮ ಮಳಿಗೆಯಲ್ಲಿ ಸೀಮಾ ಎಂಬ ಹುಡುಗಿ ಇದ್ದಾಳೆ. ನಿಮ್ಮ ಇಡೀ ಕಂಪನಿಯಲ್ಲಿ ನಿಜ ಹೇಳುವ ಜೀವ ಅದೊಂದೇ ಎಂದು ಕಾಣುತ್ತದೆ, ಅವಳ ಕೆಲಸಕ್ಕೆ ಕುತ್ತು ತರಬೇಡಿ. ನನ್ನ ಲೆಕ್ಕವನ್ನೆಲ್ಲ ಅವಳ ಮುಂದೆ ಬಿಡಿಸಿ ಹೇಳಿದೆ.

“ಕಾಕಾ, ಆ ನಂಬರ ಸಾಲಾಗಿ ಇರಂಗಿಲ್ರಿ,” ಅಂದಳು. “ಒಂದೊಂದು ಬಣ್ಣಕ್ಕ ಒಂದೊಂದು ಕಡೆಯಿಂದ ಶುರು ಮಾಡ್ಯಾರ. ನೀಲಿದು ಸಾವಿರದ ನಾಕನೂರರಿಂದ ಶುರು ಆಗೇತಿ. ನೀವು ನೋಡಿದ್ದು ಮೂವತ್ತನೇ ಗಾಡಿ.”

ಸಾವಿರ ಸಾವಿರ ಕಾರು ಎಂದು ನಾನು ತಿಳಿದದ್ದು ಬರೇ ಕೆಲವು ನೂರು. ಅವೂ ಮಳಿಗೆಯ ಗಾಜಿನ ಹಿಂದೆ ಮತ್ತು ಊರಿನ ನಾಲ್ಕು ಜನರ ಕಣ್ಣಿಗೆ ಬೀಳುವ ದೊಡ್ಡವರ ಮನೆಯೆದುರು ನಿಲ್ಲಿಸಲು ಕಳಿಸಿದಂಥವು. ನಾನು ಕಿತ್ತು ಎಣಿಸಿದ್ದು ರಸ್ತೆ ಬದಿಯ ಗಿಡ. ಶಾಸ್ತ್ರ ಹೇಳಿ ಬದನೆಕಾಯಿ ತಿಂದವ ನಾನು, ಅದರ ಪಾಲು ನಿಮ್ಮ ತಲೆಗೆ ಕಟ್ಟುವುದಿಲ್ಲ. ಆದರೆ ನಡುಹೊಲ ನೋಡಿದವರು ನೀವೊಬ್ಬರೇ ಅಲ್ಲವೇ? ಕಾರ್ಖಾನೆಯ ಬಾಗಿಲಿಂದ ದಿನಕ್ಕೆ ಎಷ್ಟು ಗಾಡಿ ಹೊರಗೆ ಬೀಳುತ್ತವೆ ಎಂಬುದು ನಿಮಗೆ ಗೊತ್ತಿಲ್ಲವೇ? ಗೊತ್ತಿದ್ದೂ ಆರು ವಾರ ಎಂದವರಿಗೆ ನಮ್ಮ ಪೇಟೆಯಲ್ಲಿ ಒಂದು ಹೆಸರಿದೆ, ಪತ್ರಿಕೆಯವರು ಅಚ್ಚು ಹಾಕಲಿಕ್ಕಿಲ್ಲ. ಗೊತ್ತೇ ಇಲ್ಲ ಎನ್ನುವುದಾದರೆ ಆ ಕುರ್ಚಿಯಲ್ಲಿ ಕೂತು ಏನು ಮಾಡುತ್ತೀರಿ?

ಜೀಪು ವಾಪಸು ಕೇಳಲು ಶಿಗ್ಲಿಗೂ ಹೋದೆ. ಫಕ್ಕೀರಪ್ಪ ಹಿಂದಿನ ಸೀಟು ಕಿತ್ತು ಹಾಲಿನ ಕ್ಯಾನು ಹೇರುವ ಗಾಡಿ ಮಾಡಿಕೊಂಡಿದ್ದ. ಪಾಪ, ಅವನದೇನು ತಪ್ಪು. ಈಗ ನಾವು ಬಸ್ಸಿಗೇ ಹೋಗುತ್ತೇವೆ. ಬರುವಾಗ ಸುಮಿತ್ರವ್ವ ಮುಳಗುಂದದ ತನಕ ಸೆರಗು ಮೂಗಿಗೆ ಒತ್ತಿಕೊಂಡು ಕೂತಿರುತ್ತಾಳೆ, ಅಲ್ಲಿ ಇಳಿಯಲೇಬೇಕು. ನಿಲ್ದಾಣದ ಕಟ್ಟೆಯ ಮೇಲೆ ಒಂದು ತಾಸು ಮಲಗಿ, ಮುಂದಿನ ಬಸ್ಸು ಹತ್ತಿ ಮನೆ ಸೇರುತ್ತೇವೆ. ದೀಪಾವಳಿ ಆದಮೇಲೆ ಅವಳು ಮಂಗಳವಾರದ್ದು ಬಿಡೂಣು ಅಂದಳು. ವಾರಕ್ಕೆ ಮೂರಿದ್ದದ್ದು ಎರಡಾಗಿದೆ. ಡಾಕ್ಟರು ನನ್ನನ್ನು ಬಾಯಿಗೆ ಬಂದಂತೆ ಬೈದರು, ಬೈಯಲಿ. ಅವಳ ಕಾಲು ಬಾತಿವೆ. ಗೋಡೆಯ ಚಾರ್ಜಿಂಗ್ ಪೆಟ್ಟಿಗೆಗೆ ಆಸ್ಪತ್ರೆಯ ಚೀಲ ನೇತುಹಾಕುತ್ತಾಳೆ.

ಹೋದ ವಾರ ನಿಮ್ಮ ಐದನೆಯ ಸಂದೇಶ ಬಂದಾಗ ನಾನು ಹುರುಪಿನಿಂದ ಓದಿ ಹೇಳಲು ಹೋದೆ. ಹಂತ ಹಂತ ಅಂದಾರ, ಅಂದರ ಯುಗಾದಿ ಒಳಗ ಬರಬೇಕು ನೋಡು, ಅಂದೆ. ಅವಳು ನನ್ನ ಕೈ ಹಿಡಿದಳು.

“ಗಾಡಿ ಬರಲಿ ಬಿಡಲಿ, ನೀವು ಇನ್ನ ತಾರೀಖು ಹೇಳಬ್ಯಾಡ್ರಿ,” ಅಂದಳು. “ನೀವು ಹೇಳಿದ ದಿನದ ತನಕ ಹೆಂಗರ ಜೀವಾ ಹಿಡಕೊಂಡು ಕುಂಡ್ರತೀನಿ. ಆ ದಿನಾ ದಾಟಿದ ಮ್ಯಾಲೆ ಬಾಳ ಸಾಕಾಗತೈತಿ.”

ಮೂವತ್ತೆಂಟು ವರ್ಷ ಅಂಕಿ ಹೇಳಿ ಹೊಟ್ಟೆ ಹೊರೆದವನಿಗೆ ಹೆಂಡತಿ ಹೇಳಿದ ಮಾತು ಇದು. ಆವತ್ತಿನಿಂದ ನಾನು ಮನೆಯಲ್ಲಿ ಕ್ಯಾಲೆಂಡರು ತಿರುವಿಲ್ಲ.

ಆದ್ದರಿಂದ ಮಾನ್ಯರೇ, ಕಾರು ಜಲ್ದಿ ಕಳಿಸಿ ಎಂದು ಬೇಡುವುದಿಲ್ಲ, ಆ ಆಸೆ ಕಳೆದುಕೊಂಡಿದ್ದೇನೆ. ಈ ಹೊತ್ತಿನ ತನಕ ನಿಜವಾಗಿ ತಯಾರಾದ ಕಾರುಗಳೆಷ್ಟು, ಜನರ ಕೈ ಸೇರಿದವೆಷ್ಟು, ಈ ಎರಡು ಅಂಕಿಗಳನ್ನು ಬಸ್ ನಿಲ್ದಾಣದ ಆ ಬೋರ್ಡಿನ ಮೇಲೆ ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಸಿ. ನನಗೆ ಒಂದೇ ಸಾಲಿನ ಉತ್ತರ ಸಾಕು: ಈ ವರ್ಷ ಬರುವುದಿಲ್ಲ. ನೀವು ಹಾಗೆ ಬರೆದುಕೊಟ್ಟರೆ ನಾಳೆಯೇ ಒಂದು ಹಳೆಯ ಜೀಪು ಹುಡುಕಲು ಹೊರಡುತ್ತೇನೆ. ನೀವು ಬರೆಯಲಾರಿರಿ ಎಂಬುದೂ ಗೊತ್ತು. ಆರನೆಯ ಸಂದೇಶ ಬರುತ್ತದೆ, ಅದರಲ್ಲಿ ಮತ್ತೊಂದು ತಾರೀಖು ಇರುತ್ತದೆ. ಆ ತಾರೀಖನ್ನು ನನ್ನ ಫೋನಿಗೆ ಮಾತ್ರ ಕಳಿಸಿ. ಅವಳ ಕಿವಿಗೆ ಬೀಳದಂತೆ ನೋಡಿಕೊಳ್ಳುತ್ತೇನೆ.

ಇಂತಿ,
ಬೇರೆಯವರ ಹೊಲದ ಫಸಲು ಸರಿಯಾಗಿ ಹೇಳಿ, ತನ್ನ ಮನೆಯ ದಿನ ಎಣಿಸಲು ಅಂಜುತ್ತಿರುವ,
ಸಾಲಿನಲ್ಲಿ ಆರು ಸಾವಿರದ ಎಂಟುನೂರ ಹನ್ನೆರಡನೆಯವ,
ಅಂದಾನಪ್ಪ, ಲಕ್ಷ್ಮೇಶ್ವರ